ಓರಗಿತ್ತಿಯ ಗೋಡೆ

ನನ್ನ ಓರಗಿತ್ತಿ ಮಾಟೆಫೊಳನ್ನು ಕಂಡರೆ ನನಗಾಗದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನಾನು ಅವಳ ತೋಟದ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಿದಾಗ, ಇಬ್ಬರಿಗೂ ರಾಜಿಯಾಗಿದೆ ಎಂದು ನೀವು ತಿಳಿದೀರಿ. ಆಗಿಲ್ಲ. ಅವಳ ಗಂಡ ಮೊಲೆಫಿ ಮನೆಗೆ ಹಿರಿಯ, ನನ್ನ ಗಂಡ ಸೆಲ್ಲೊ ಕಿರಿಯ. ಎರಡು ಮನೆಗಳ ನಡುವೆ ಒಂದೇ ಅಂಗಳ, ಆ ಅಂಗಳದಲ್ಲಿ ಮೂವತ್ತೊಂದು ವರ್ಷದ ಜಗಳ.

ಜಗಳ ಯಾವತ್ತು ಶುರುವಾಯಿತು ಎಂದು ಕೇಳಿದರೆ ದಿನ ಸಮೇತ ಹೇಳಬಲ್ಲೆ. ನಾನು ಸೊಸೆಯಾಗಿ ಬಂದ ಮರುದಿನ ಬೆಳಿಗ್ಗೆ ಎದ್ದು ಅಂಗಳ ಗುಡಿಸಿದ್ದೆ. ಪೊರಕೆ ಒರಗಿಸಿ ತಿರುಗಿ ನೋಡಿದರೆ ಅವಳು ತನ್ನ ಪೊರಕೆ ತಂದು ನಾನು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದಳು.  ಮುಗಿಸಿ, ಹುಲ್ಲುಕಡ್ಡಿಯೊಂದನ್ನು ಎತ್ತಿ ನನ್ನ ಕಣ್ಣ ಮುಂದೆ ಹಿಡಿದು ತೋರಿಸಿ ಎಸೆದಳು. ಅಷ್ಟು ಸಾಲದೇ? ಆವತ್ತಿನಿಂದ ಇವತ್ತಿನವರೆಗೆ ಅವಳು ನನ್ನನ್ನು ಹೆಸರು ಹಿಡಿದು ಕರೆದಿಲ್ಲ. ನನಗೆ ಐವತ್ತಾದರೂ ಅವಳಿಗೆ ನಾನು 'ಏ ಹುಡುಗಿ'ಯೇ.

ನಮ್ಮಲ್ಲಿ ಸೊಸೆ ಬಂದ ಕೂಡಲೇ ಹೊಸ ಹೆಸರು ಇಡುತ್ತಾರೆ, ಇನ್ನೂ ಹುಟ್ಟದ ಮಗುವಿನ ತಾಯಿ ಎಂದು. ನನಗೆ ಮಾಖೌಹೆಲೊ ಎಂದು ಇಟ್ಟರು, ಖೌಹೆಲೊ ಎರಡನೇ ವರ್ಷಕ್ಕೇ ಹುಟ್ಟಿದಳು, ಅವಳ ಹಿಂದೆ ಇನ್ನೂ ಮೂವರು. ಓರಗಿತ್ತಿಗೆ ಮಾಟೆಫೊ ಎಂದು ಇಟ್ಟಿದ್ದರು, ಟೆಫೊನ ತಾಯಿ. ಟೆಫೊ ಬರಲೇ ಇಲ್ಲ. ಬಾರದ ಮಗನ ಹೆಸರನ್ನು ದಿನಕ್ಕೆ ಇಪ್ಪತ್ತು ಬಾರಿ ಊರಿನವರ ಬಾಯಲ್ಲಿ ಕೇಳಿಕೊಂಡು ಅವಳು ಬದುಕಿದಳು. ಒಮ್ಮೆ ನೀರಿನ ಬುಗ್ಗೆಯ ಬಳಿ ಹೆಂಗಸರೆಲ್ಲ ಇದ್ದಾಗ ನಾನು, 'ಏನಕ್ಕ, ಟೆಫೊ ಚೆನ್ನಾಗಿದ್ದಾನಾ?' ಎಂದು ಕೇಳಿಬಿಟ್ಟೆ. ಅದರ ಹಿಂದಿನ ದಿನ ಅವಳು ನನ್ನ ಗೋಡೆಯನ್ನು ಆಡು ಮೈ ಉಜ್ಜುವ ಜಾಗ ಎಂದಿದ್ದಳು, ಆ ಸಿಟ್ಟು.  ಅವಳು ಬಕೆಟ್ಟು ತಲೆಗಿಟ್ಟುಕೊಂಡು ಹೊರಟುಹೋದಳು. ಮೂವತ್ತೊಂದು ವರ್ಷದಲ್ಲಿ ಅವಳ ಬಾಯಿ ಕಟ್ಟಿದ್ದು ಅದೊಂದೇ ಸಲ, ಮತ್ತು ಅದರಿಂದ ನನಗೆ ಸಿಕ್ಕಿದ ಸಂತೋಷ ಅರ್ಧ ದಾರಿಗೂ ಉಳಿಯಲಿಲ್ಲ.

ಈಗ ಆ ತೋಟದ ಮಾತು. ನಮ್ಮ ಬೆಟ್ಟದೂರಿನಲ್ಲಿ ಚಳಿ ಆಗಸ್ಟ್‌ಗೆ ಮುಗಿಯುತ್ತದೆ. ಎಲೆಯೇ ಇಲ್ಲದ ಪೀಚ್ ಮರಗಳಲ್ಲಿ ಒಂದೇ ವಾರಕ್ಕೆ ಗುಲಾಬಿ ಹೂ ತುಂಬುತ್ತದೆ, ಅದನ್ನು ನೋಡಿದ್ದೇ ಹೆಂಗಸರು ಗುದ್ದಲಿ ಹುಡುಕಲು ಶುರು ಮಾಡುತ್ತಾರೆ. ಮಾಟೆಫೊ ಹುಡುಕುವುದಿಲ್ಲ, ಅವಳ ಗುದ್ದಲಿ ಜುಲೈನಲ್ಲೇ ಉಜ್ಜಿ ಎಣ್ಣೆ ಸವರಿ ಬಾಗಿಲ ಹಿಂದೆ ನಿಂತಿರುತ್ತದೆ. ಮನೆಯ ಪಕ್ಕದಲ್ಲಿ ಕಲ್ಲು ಪೇರಿಸಿ ಸೊಂಟದೆತ್ತರ ಕಟ್ಟಿದ ಗುಂಡು ತೋಟ ಅವಳದು. ನಡುವೆ ಹುಲ್ಲಿನ ಬುಟ್ಟಿ ನೆಟ್ಟಿದ್ದಾಳೆ. ಪಾತ್ರೆ ತೊಳೆದ ನೀರು, ಬೂದಿ, ಸಿಪ್ಪೆ ಎಲ್ಲ ಅದರೊಳಗೆ. ಆ ಗುಂಡು ಪಾತಿಯಲ್ಲಿ ಅವಳು ತೆಗೆಯುವ ಸೊಪ್ಪು, ಬೀಟ್‌ರೂಟು, ಕ್ಯಾರೆಟ್ಟು ನೋಡಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ನನ್ನ ತೋಟವೂ ಹಾಗೇ ಗುಂಡಗಿದೆ, ನಾನೂ ಅದೇ ಬೂದಿ ಸುರಿಯುತ್ತೇನೆ. ನನ್ನ ಸೊಪ್ಪು ಮಾತ್ರ ಬೇಸರದಿಂದ ಬೆಳೆಯುತ್ತದೆ.

ಬೀಜ ಬಿತ್ತಿದ ಮೇಲೆ ಗೋಡೆ. ಸಗಣಿ, ಕೆಮ್ಮಣ್ಣು ಕಲಸಿ ಗೋಡೆ ಸಾರಿಸಿ, ಹಸಿಯಿರುವಾಗಲೇ ಬೆರಳಲ್ಲೋ ಫೋರ್ಕಿನಲ್ಲೋ ಗೀರುತ್ತ ಹೋಗುವುದು ನಮ್ಮ ಹೆಂಗಸರ ಕೆಲಸ. ಉತ್ತ ಹೊಲದ ಸಾಲಿನ ಹಾಗೆ ಗೆರೆಗಳು, ನಾಲ್ಕು ಮನೆಯ ಚೌಕ, ಎದುರುಬದುರು ಎಲೆಗಳು. ಬಿಸಿಲು ಒಂದು ಕಡೆಯಿಂದ ಬಿದ್ದರೆ ಆ ಗೆರೆಗಳು ಎದ್ದು ಕಾಣುತ್ತವೆ. ಊರಿಗೆ ಬಂದವರು ಮೊದಲು ನೋಡುತ್ತಿದ್ದದ್ದು ಮಾಟೆಫೊಳ ಗೋಡೆ. ಪಾದ್ರಿಯ ಹೆಂಡತಿ ಕೂಡ ನನ್ನ ಮನೆಯಲ್ಲಿ ಚಹಾ ಕುಡಿಯುತ್ತ ಕಿಟಕಿಯಿಂದ ಅವಳ ಗೋಡೆಯನ್ನೇ ನೋಡುತ್ತಿದ್ದಳು. ನಾನು ವರ್ಷಕ್ಕೊಮ್ಮೆ ಸಗಣಿ ಬಳಿದು, ಎರಡು ಗೆರೆ ಎಳೆದು, ಕೈ ತೊಳೆಯುತ್ತಿದ್ದೆ. ಎದುರಿಗೆ ಅಂಥ ಗೋಡೆ ಇಟ್ಟುಕೊಂಡು ಯಾರಿಗೆ ಮನಸ್ಸು ಬರುತ್ತದೆ?

ಈ ವರ್ಷ ಜೂನ್ ತಿಂಗಳಲ್ಲಿ ಮೊಲೆಫಿ ತೀರಿಹೋದ. ಗಣಿಯ ದೂಳು ಎದೆಯಲ್ಲಿ ಕೂತಿತ್ತು, ಎರಡು ವರ್ಷ ಕೆಮ್ಮಿ ಸತ್ತ. ಒಳ್ಳೆಯ ಮನುಷ್ಯ, ಅವನ ಮೇಲೆ ನನ್ನದೇನೂ ತಕರಾರಿಲ್ಲ. ಮಣ್ಣು ಮಾಡಿದ ದಿನ ಗಂಡಂದಿರ ಸೋದರತ್ತೆ ಮಾಲಿತಾಬ ಬೆಟ್ಟದಾಚೆಯಿಂದ ಬಂದು ಮಾಟೆಫೊಳಿಗೆ ಕರಿ ಬಟ್ಟೆ ಹೊದೆಸಿದರು. ಕರಿ ಬಟ್ಟೆ ಮೈಮೇಲಿರುವ ತನಕ ವಿಧವೆ ಮಣ್ಣು ಮುಟ್ಟುವ ಹಾಗಿಲ್ಲ. ಸಾವಿನ ಬಿಸಿ ಅವಳ ಕೈಯಲ್ಲಿರುತ್ತದೆ, ಬಿತ್ತಿದ ಬೀಜ ಸುಟ್ಟುಹೋಗುತ್ತದೆ ಎಂದು ನಮ್ಮವರ ನಂಬಿಕೆ. ಬೀಜ, ಗುದ್ದಲಿ, ಗೋಡೆ ಯಾವುದೂ ಕೂಡದು. ಸೂತಕದ ತೋಟಕ್ಕೆ ಬೇರೆಯವರೂ ಕಾಲಿಡುವುದಿಲ್ಲ.

ಬಟ್ಟೆ ಇಳಿಸಬೇಕಾದರೆ ಮೊದಲು ಮನೆ ತೊಳೆಯಬೇಕು. ತೊಳೆಯುವುದೆಂದರೆ ನೀರು ಹಾಕುವುದಲ್ಲ. ಗಂಡನ ಮನೆಯ ಹೆಂಗಸು ಬಂದು ತನ್ನ ಕೈಯಾರೆ ಮನೆಯ ಸುತ್ತ ಹೊಸದಾಗಿ ಸಾರಿಸಿ, ಬಾಗಿಲ ತನಕ ಗೀರು ಹಾಕಿ ಮುಗಿಸುವುದು. ಕೂಲಿಯವಳು ಮಾಡಿದರೆ ಅದು ತೊಳೆದದ್ದಲ್ಲ, ಅರ್ಧ ಮಾಡಿ ಬಿಟ್ಟರೂ ಅಲ್ಲ. ಅದಾದ ಮೇಲೆ ಸೋದರತ್ತೆ ಬಂದು ಬಟ್ಟೆ ತೆಗೆಯುತ್ತಾರೆ, ಒಂದು ಕುರಿ ಕೊಯ್ಯುತ್ತಾರೆ. ನಮ್ಮ ಅತ್ತೆ ಸತ್ತು ಹತ್ತು ವರ್ಷ, ನಾದಿನಿಯರಿಲ್ಲ, ಬಟ್ಟೆ ತೆಗೆಯುವ ಸೋದರತ್ತೆ ತಾವೇ ಸಾರಿಸುವ ಹಾಗಿಲ್ಲ. ಗಂಡನ ಮನೆಯ ಹೆಂಗಸು ಎಂದು ಉಳಿದಿದ್ದವಳು ನಾನೊಬ್ಬಳೇ.

ನಾನು ಮಾಡಲಿಲ್ಲ. ಸುತ್ತಿ ಬಳಸಿ ಹೇಳುವುದು ಬೇಡ, ಬೇಕೆಂತಲೇ ಮಾಡಲಿಲ್ಲ. ಸೆಲ್ಲೊ ಲೆಕ್ಕ ಹಾಕಿದ್ದ. ಈ ವಸಂತದಲ್ಲಿ ಅವಳು ಬಿತ್ತದಿದ್ದರೆ ಬೇಸಗೆಗೆ ಸೊಪ್ಪಿಲ್ಲ, ಚಳಿಗಾಲಕ್ಕೆ ಜೋಳವಿಲ್ಲ. ಮಕ್ಕಳಿಲ್ಲದವಳು ಯಾರನ್ನು ಕೇಳುತ್ತಾಳೆ? ನದಿಯಾಚೆ ತವರಿನಲ್ಲಿ ತಮ್ಮನಿದ್ದಾನೆ, ಅಲ್ಲಿಗೆ ಹೋಗುತ್ತಾಳೆ. ಕರಿ ಬಟ್ಟೆಯಲ್ಲೇ ಮನೆ ಬಿಟ್ಟು ಹೋದ ವಿಧವೆಗೆ ಮನೆಯ ಮೇಲೆ ಹಕ್ಕು ಉಳಿಯುವುದಿಲ್ಲ. ಮನೆ, ಅದರ ಹಿಂದಿನ ಹೊಲ, ಆ ಗುಂಡು ತೋಟ ಎಲ್ಲ ಸತ್ತವನ ತಮ್ಮನ ಪಾಲು, ಅಂದರೆ ಸೆಲ್ಲೊನದು. ನಾನು ಆ ತೋಟವನ್ನು ನೆನೆದು ಹೂಂ ಎಂದೆ.

ಪೀಚ್ ಹೂ ಬಿಟ್ಟಿತು. ಊರೆಲ್ಲ ಗುದ್ದಲಿ ಸದ್ದು. ಮಾಟೆಫೊ ಕರಿ ಬಟ್ಟೆ ಹೊದ್ದು ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂತಿರುತ್ತಿದ್ದಳು, ಎದುರಿಗೆ ಹೋದ ವರ್ಷದ ಒಣಗಿದ ಕಡ್ಡಿಗಳು ನಿಂತ ತೋಟ. ಸುಮ್ಮನೆ ಕೂರುವ ಜಾತಿಯಲ್ಲ ಅದು. ಹುಲ್ಲು ಮಣ್ಣಲ್ಲವಲ್ಲ, ಅದನ್ನು ಮುಟ್ಟಬೇಡ ಎಂದು ಯಾರೂ ಹೇಳಿಲ್ಲವಲ್ಲ ಎಂದು ದಿನವಿಡೀ ಹುಲ್ಲಿನ ಬುಟ್ಟಿ ಹೆಣೆಯುತ್ತಿದ್ದಳು. ಬುಟ್ಟಿ ಮುಗಿದರೆ ಪೊರಕೆ, ಪೊರಕೆ ಮುಗಿದರೆ ಚಾಪೆ. ಅಷ್ಟು ಬಿಗಿಯಾಗಿ ಎಳೆದೆಳೆದು ಹೆಣೆಯುತ್ತಿದ್ದಳು, ಪ್ರತಿ ಗಂಟಿನಲ್ಲೂ ನನ್ನ ಕತ್ತು ಇದ್ದ ಹಾಗೆ. ಹೋಗಿ ಬರುವವರ ತೋಟವನ್ನು ಕೂತಲ್ಲಿಂದಲೇ ಬೈಯುತ್ತಿದ್ದಳು. ಪಕ್ಕದ ಮನೆಯವಳು ಬೀಟ್‌ರೂಟ್ ಬೀಜವನ್ನು ಹೆಣ ಹೂಳುವಷ್ಟು ಆಳಕ್ಕೆ ಹಾಕುತ್ತಿದ್ದಾಳಂತೆ, ನನ್ನ ಕೋಸಿನ ಸಸಿಗಳು ಕುಡಿದವರ ಹಾಗೆ ನಿಂತಿವೆಯಂತೆ.

ಒಂದು ದಿನ ಅಂಗಳದಲ್ಲಿ ನನ್ನನ್ನು ನಿಲ್ಲಿಸಿ ನೇರವಾಗಿಯೇ ಕೇಳಿದಳು.

"ಏ ಹುಡುಗಿ, ಮನೆ ಯಾವಾಗ ತೊಳೀತೀಯ?"

"ನಂಗೆ ಸೊಂಟ ನೋವಕ್ಕ. ವಾಸಿಯಾಗ್ಲಿ."

"ನಿನ್ ಸೊಂಟ ವಾಸಿಯಾಗೋದು ನಾನು ಈ ಊರು ಬಿಟ್ಮೇಲೆ ಅಂತ ಕಾಣುತ್ತೆ."

"ಹಾಗಂತ ನೀವೇ ಹೇಳ್ತಿದೀರಿ."

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಬೇಡಿಕೊಳ್ಳುತ್ತಾಳೇನೋ ಎಂದು ನಾನು ಕಾದೆ. ಒಂದೇ ಒಂದು ಸಲ ಅವಳು ತಗ್ಗಿ ಮಾತಾಡಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ, ನಾನೇನು ಕಲ್ಲಲ್ಲ. ಅವಳು ತಗ್ಗಲಿಲ್ಲ. ಹುಲ್ಲು ಕೈಗೆತ್ತಿಕೊಂಡು ಹೆಣೆಯುತ್ತ ಕೂತಳು, ನಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ.

ಸೆಪ್ಟೆಂಬರ್ ಎರಡನೇ ವಾರ ಬಂದರೂ ಅವಳು ಊರು ಬಿಡುವ ಸೂಚನೆಯೇ ಇರಲಿಲ್ಲ. ನನಗೆ ಸಹನೆ ಕೆಟ್ಟಿತು. ಈ ಮನೆ ಯಾರ ಕೈಗೆ ಬರುತ್ತದೆಂದು ಅವಳಿಗೂ ಊರಿಗೂ ತಿಳಿಯಲಿ ಎಂದು ಒಂದು ಉಪಾಯ ಹೊಳೆಯಿತು. ನಮ್ಮ ಅಂಗಳದ ಕಡೆಗಿರುವ ಅವಳ ಗೋಡೆಯನ್ನು ಮಾತ್ರ ಸಾರಿಸಿ ಅಲ್ಲಿ ನನ್ನ ಗೀರು ಹಾಕುತ್ತೇನೆ. ಒಂದೇ ಪಕ್ಕ. ಒಂದು ಪಕ್ಕ ಸಾರಿಸಿದರೆ ಅದು ಮನೆ ತೊಳೆದದ್ದಲ್ಲ, ಆದರೆ ನನ್ನ ಕೈ ಅವಳ ಗೋಡೆಯ ಮೇಲೆ ದಿನವೂ ಅವಳ ಕಣ್ಣಿಗೆ ಬೀಳುತ್ತದೆ. ಸೆಲ್ಲೊನಿಗೆ ಹೇಳಿದಾಗ ಅವನು, ಸುಮ್ಮನಿರೋದಕ್ಕೆ ನಿನಗೇನು ರೋಗ ಎಂದ. ನಾನು ಕೇಳಲಿಲ್ಲ.

ಊರಿನವರೆಲ್ಲ ಹೊಲ ಉಳಲು ಹೋಗಿದ್ದ ದಿನಗಳು ಅವು. ನಮ್ಮೆರಡು ಮನೆ ಊರಿನ ಕೊನೆಯಲ್ಲಿ, ನೋಡುವವರು ಯಾರೂ ಇಲ್ಲ. ನಾನು ಹಳ್ಳದ ದಂಡೆಯಿಂದ ಕೆಮ್ಮಣ್ಣು ಹೊತ್ತು ತಂದೆ, ಹಸಿ ಸಗಣಿ ತಂದೆ, ಅಂಗಳದಲ್ಲಿ ಸುರಿದು ಕಾಲಿನಿಂದ ತುಳಿದು ಕಲಸಿದೆ. ಮಾಟೆಫೊ ಹೆಣೆಯುವುದು ನಿಲ್ಲಿಸಿ ನೋಡುತ್ತಿದ್ದಳು. ನಾನು ಮೊದಲ ಹಿಡಿ ಮಣ್ಣು ಅವಳ ಗೋಡೆಗೆ ಬಡಿದಾಗ ಅವಳ ಮುಖ ಹೇಗಾಯಿತು ಎಂದು ನೋಡಲು ತಿರುಗಿದೆ. ಹೇಗೂ ಆಗಿರಲಿಲ್ಲ.

"ನೀರು ಜಾಸ್ತಿ ಆಯ್ತು. ಬಿರುಕು ಬಿಡುತ್ತೆ," ಎಂದಳು.

ಬಾಯಿ ಮುಚ್ಚಿಕೊಂಡಿರಿ ಎಂದೆ. ಆದರೆ ಮುಂದಿನ ಉಂಡೆಗೆ ಸಗಣಿ ಹೆಚ್ಚು ಹಾಕಿದೆ.

ಮಧ್ಯಾಹ್ನದ ಹೊತ್ತಿಗೆ ಆ ಪಕ್ಕ ಸಾರಿಸಿ ಮುಗಿಯಿತು. ಹಳೆಯ ಫೋರ್ಕು ತೆಗೆದುಕೊಂಡು ಗೀರು ಹಾಕಲು ಶುರು ಮಾಡಿದೆ. ಮನಸ್ಸಿನಲ್ಲಿ ಎರಡು ಗೆರೆ ಎಳೆದು ಹೋಗುವ ಯೋಚನೆಯೇ ಇತ್ತು. ಈಗ ಹೇಳುವುದನ್ನು ನಾನು ಯಾರಿಗೂ ಹೇಳಿಲ್ಲ. ಹಸಿ ಮಣ್ಣಿನಲ್ಲಿ ಫೋರ್ಕಿನ ನಾಲ್ಕು ಹಲ್ಲು ಇಳಿದು ನಾಲ್ಕು ಸಾಲು ಒಟ್ಟಿಗೆ ಬಂದಾಗ ಕೈಗೆ ಏನೋ ಹಿತವಾಯಿತು. ಮಣ್ಣು ತಣ್ಣಗಿತ್ತು, ಬೆನ್ನಿಗೆ ಬಿಸಿಲಿತ್ತು, ಪೀಚ್ ಹೂವಿಗೆ ಮುತ್ತಿದ ಜೇನುಹುಳಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಾಲ್ಕು ಮಕ್ಕಳು ಹೆತ್ತು, ಅಡಿಗೆ, ನೀರು, ಸೌದೆ ಎಂದು ಮೂವತ್ತು ವರ್ಷ ಓಡಿದ್ದೆ. ಕೈ ಮಾಡುವ ಕೆಲಸದಲ್ಲೇ ಮನಸ್ಸೂ ಇದ್ದ ದಿನ ಅದಕ್ಕೆ ಮುಂಚೆ ನನಗೆ ನೆನಪಿಲ್ಲ. ಒಂದು ಚೌಕ ಮುಗಿಸಿ ಹಿಂದೆ ಸರಿದು ನೋಡಿದೆ. ಪಕ್ಕದಲ್ಲಿ ಅದಕ್ಕೆ ಎದುರಾಗಿ ಇನ್ನೊಂದು ಬೇಕು ಎನಿಸಿತು. ಹಾಕಿದೆ.

ಸಂಜೆಗೆ ಆ ಪಕ್ಕ ಪೂರ್ತಿಯಾಯಿತು. ನಾನು ನಿಲ್ಲಿಸಬೇಕಾಗಿದ್ದು ಅಲ್ಲಿ. ಫೋರ್ಕು ತೊಳೆಯುತ್ತಿದ್ದಾಗ ಅವಳು ಹಿಂದಿನಿಂದ ನಕ್ಕಳು.

"ನಂಗೊತ್ತಿತ್ತು. ನೀನು ಹಿಡಿದ ಯಾವ ಕೆಲ್ಸ ಮುಗ್ಸಿದೀಯ? ಒಂದು ಪಕ್ಕಕ್ಕೇ ಉಸ್ಸಪ್ಪಾ ಅಂತ ಕೂರ್ತೀಯ."

ಅದು ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ನಾನು ಫೋರ್ಕು ಕೊಡವಿ ಒಳಗೆ ಹೋದೆ. ಮರುದಿನ ಬೆಳಿಗ್ಗೆ ಜೋಳದ ಮುದ್ದೆ ಕೂಡ ಸರಿಯಾಗಿ ತಿನ್ನದೆ ಹೊರಗೆ ಬಂದೆ, ಹಿಂದಿನ ಗೋಡೆಗೆ ಕೈ ಹಾಕಿದೆ. ಹಿಂದಿನ ಗೋಡೆಯಾದ ಮೇಲೆ ಆ ಬದಿಯದು. ಸಿಟ್ಟಿನಿಂದಲೇ ಶುರು ಮಾಡಿದೆ ಎಂದು ಈಗಲೂ ನನ್ನ ಪರವಾಗಿ ಹೇಳಿಕೊಳ್ಳುತ್ತೇನೆ. ಆದರೆ ಹೊತ್ತೇರುವಷ್ಟರಲ್ಲಿ ಸಿಟ್ಟು ಎಲ್ಲಿಗೆ ಹೋಯಿತೋ. ಗೀರು ಹಾಕುವುದು, ಹಿಂದೆ ಸರಿಯುವುದು, ಕಣ್ಣು ಕಿರಿದು ಮಾಡಿ ನೋಡುವುದು, ಮತ್ತೆ ಗೀರು ಹಾಕುವುದು. ಬಿಳಿ ಜೇಡಿ ತಂದು ಗೆರೆಗಳ ನಡುವೆ ಚುಕ್ಕಿ ಇಟ್ಟೆ. ಮೂರನೇ ದಿನ ಮುಂದಿನ ಗೋಡೆಯೂ ಆಗಿ ಬಾಗಿಲ ಮೂಲೆ ಉಳಿಯಿತು. ಮೂಲೆಯಲ್ಲಿ ಎರಡು ಗೋಡೆಯ ಗೆರೆಗಳು ಸೇರಬೇಕು, ಅಲ್ಲಿಯೇ ಎಲ್ಲರ ಕೈ ಸೋಲುವುದು. ನಾನು ಫೋರ್ಕು ಬಿಟ್ಟು ಹೆಬ್ಬೆರಳಿನಿಂದಲೇ ಗೆರೆಗಳನ್ನು ಬಗ್ಗಿಸಿ, ಒಂದರೊಳಗೊಂದು ಹೆಣೆದು, ಹೊಸಿಲಿನ ತನಕ ಇಳಿಸಿದೆ. ಕೊನೆಯ ಗೆರೆ ಹೊಸಿಲು ಮುಟ್ಟಿತು. ಎಷ್ಟು ಚೆನ್ನಾಗಿ ಬಂದಿತ್ತೆಂದರೆ ನನಗೆ ನಗು ಬಂತು.

ಆಮೇಲೆ ನಾನು ಏನು ಮಾಡಿದೆ ಎನ್ನುವುದು ತಲೆಗೆ ಹೊಕ್ಕಿತು. ಸುತ್ತ ನಾಲ್ಕು ಕಡೆ, ಬಾಗಿಲ ತನಕ, ಗಂಡನ ಮನೆಯ ಹೆಂಗಸಿನ ಕೈ. ಮನೆ ತೊಳೆದುಬಿಟ್ಟಿದ್ದೆ. ಮಾಟೆಫೊ ಕಲ್ಲಿನ ಮೇಲೆ ಕೂತು ಬುಟ್ಟಿ ಹೆಣೆಯುತ್ತಿದ್ದಳು. ಅವಳು ಬೇಕೆಂದೇ ನನ್ನನ್ನು ಕೆಣಕಿ ಕೆಲಸ ಪೂರ್ತಿ ಮಾಡಿಸಿದಳೇ? ಅವಳ ಮುಖ ನೋಡಿದರೆ ಏನೂ ಗೊತ್ತಾಗಲಿಲ್ಲ.

ಸೆಲ್ಲೊ ಹೊಲದಿಂದ ಬಂದು ಗೋಡೆ ನೋಡಿ ಹತ್ತು ನಿಮಿಷ ನನ್ನನ್ನು ಬೈದ. ಹಾಗೆ ಬೈಸಿಕೊಂಡದ್ದು ನಾನು ಮದುವೆಯಾದ ಮೇಲೆ ಅದೇ ಮೊದಲು. ಬೈದು ಮುಗಿದ ಮೇಲೆ ಅವನೇ ದಾರಿ ಹುಡುಕಿದ. ಕೂಲಿಯವಳನ್ನು ಕರೆಸಿ ಮಾಡಿಸಿದೆವು ಎನ್ನೋಣ, ಆಗ ಅದು ತೊಳೆದ ಲೆಕ್ಕಕ್ಕೆ ಬರುವುದಿಲ್ಲ. ಕಣಿವೆಯ ಕೆಳಗಿನ ಊರಿಂದ ಒಬ್ಬಳು ಬಂದಿದ್ದಳು, ಹೋದಳು. ನೋಡಿದವರು ಯಾರಿದ್ದಾರೆ? ಮಾಟೆಫೊ ಒಬ್ಬಳು. ಅವಳು ಹೇಳಿದರೆ ಜಗಳಕ್ಕೆ ಹೇಳುತ್ತಿದ್ದಾಳೆ ಎನ್ನುತ್ತಾರೆ. ನಾನು ಒಪ್ಪಿದೆ. ಮನೆ ಕೈ ತಪ್ಪುವುದು ನನಗೂ ಬೇಡವಾಗಿತ್ತು.

ಭಾನುವಾರ ಪ್ರಾರ್ಥನೆ ಮುಗಿಸಿ ಮಾಲಿತಾಬ ಅತ್ತೆ ಕುದುರೆಯ ಮೇಲೆ ಬಂದರು. ಮನೆ ಸಾರಿಸಿದ ಸುದ್ದಿ ಬೆಟ್ಟ ದಾಟಿ ಅವರಿಗೆ ತಲುಪಿತ್ತು, ಯಾರು ಮುಟ್ಟಿಸಿದರೋ ದೇವರಿಗೇ ಗೊತ್ತು. ಎಂಬತ್ತರ ಮುದುಕಿ, ಕಣ್ಣು ಮಾತ್ರ ಗಿಡುಗನ ಕಣ್ಣು. ಹಿಂದೆಯೇ ಚರ್ಚಿನಿಂದ ಬಂದ ಹೆಂಗಸರು ಹತ್ತು ಹನ್ನೆರಡು ಜನ. ಅತ್ತೆ ಯಾರನ್ನೂ ಮಾತಾಡಿಸದೆ ಕೋಲೂರಿಕೊಂಡು ಮನೆಗೆ ಒಂದು ಸುತ್ತು ಬಂದರು. ಇಳಿಹೊತ್ತಿನ ಬಿಸಿಲು ಓರೆಯಾಗಿ ಬಿದ್ದು ಒಂದೊಂದು ಗೆರೆಯೂ ಎದ್ದು ನಿಂತಿತ್ತು. ಹೆಂಗಸರು ಗುಸುಗುಸು ಶುರು ಮಾಡಿದರು. ಒಬ್ಬಳು ಚುಕ್ಕಿಗಳನ್ನು ತೋರಿಸಿದಳು, ಇನ್ನೊಬ್ಬಳು ಬೆರಳಿಂದ ಗೆರೆ ಮುಟ್ಟಿ ನೋಡಿದಳು. ನಾನು ನೆಲ ನೋಡುತ್ತ ನಿಂತಿದ್ದೆ. ಕಿವಿ ಮಾತ್ರ ಅವರ ಕಡೆಗೇ ಇತ್ತು.

ಇದು ಯಾರ ಕೈ ಎಂದು ಅತ್ತೆ ಕೇಳಿದರು. ಸೆಲ್ಲೊ ಮುಂದೆ ಬಂದು ಕೂಲಿಯವಳ ಕತೆ ಹೇಳಿದ. ಗೋಡೆ ಬಿರುಕು ಬಿಟ್ಟಿತ್ತು, ಮಳೆಗೆ ಮುಂಚೆ ಮುಚ್ಚಿಸೋಣ ಎಂದು ಮಾಡಿಸಿದೆವು, ತೊಳೆಯುವ ಕೆಲಸ ಆಮೇಲೆ ನಿಧಾನವಾಗಿ ಮಾಡೋಣ ಎಂದ. ಸುಳ್ಳು ಅವನ ಬಾಯಲ್ಲಿ ಬೆಣ್ಣೆಯ ಹಾಗೆ ಜಾರುತ್ತಿತ್ತು. ಅತ್ತೆ ಮಾಟೆಫೊಳ ಕಡೆ ತಿರುಗಿ, ನೀನು ಇಲ್ಲೇ ಕೂತಿದ್ದೆಯಲ್ಲ, ನೀನು ಹೇಳು ಎಂದರು.  ಅವಳು ನನ್ನ ಕಡೆ ಬೆರಳು ತೋರಿಸುತ್ತಾಳೆ, ನಾನು ಅಲ್ಲ ಎನ್ನಬೇಕು, ಅವಳನ್ನು ಸುಳ್ಳುಬುರುಕಿ ಎನ್ನಬೇಕು. ಎಲ್ಲ ಮಾತು ಬಾಯಲ್ಲಿ ಸಿದ್ಧ ಮಾಡಿಟ್ಟುಕೊಂಡಿದ್ದೆ.

ಮಾಟೆಫೊ ಎದ್ದು ನಿಂತಳು. ಮೂರು ತಿಂಗಳಲ್ಲಿ ಇಳಿದುಹೋಗಿದ್ದಳು, ಕರಿ ಬಟ್ಟೆ ಹೆಗಲಿಂದ ಜಾರುತ್ತಿತ್ತು. ಅವಳು ನನ್ನ ಕಡೆ ನೋಡಲಿಲ್ಲ. ಬಾಗಿಲ ಮೂಲೆಯ ಹತ್ತಿರ ಹೋಗಿ, ಮಣ್ಣು ಮುಟ್ಟದೆ, ಗಾಳಿಯಲ್ಲೇ ಗೆರೆಗಳ ಮೇಲೆ ಬೆರಳು ಆಡಿಸಿದಳು.

"ಯಾರೋ ಕೂಲಿಯವ್ಳೇ ಇರ್ಬೇಕು ಅತ್ತೆ. ಸೆಲ್ಲೊ ಹೇಳ್ತಿದಾನಲ್ಲ. ಆದ್ರೆ ಈ ಮೂಲೆ ನೋಡಿ. ನಾನು ಈ ಮನೆಗೆ ಬಂದು ನಲವತ್ತು ವರ್ಷ ಆಯ್ತು, ಈ ಮೂಲೇಲಿ ಒಂದ್ ಸಲಾನೂ ಗೆರೆ ಹೀಗೆ ಕೂರಿಸೋಕೆ ನನ್ ಕೈಲಿ ಆಗ್ಲಿಲ್ಲ. ಆ ಹೆಂಗಸಿನ ಹೆಸರು ಕೇಳಿ ಇಟ್ಕೊಳ್ಳಿ. ದೊಡ್ಡ ಕೈ ಅದು."

ಹೆಂಗಸರೆಲ್ಲ ಮೂಲೆಯ ಹತ್ತಿರ ಹೋದರು. ಹೌದು ಹೌದು ಎಂದರು. ಮಾಟೆಫೊ ಹೊಗಳಿದಳೆಂದರೆ ಸುಮ್ಮನೆಯೇ? ಆ ಕೂಲಿಯವಳನ್ನು ತನ್ನ ಮಗಳ ಮದುವೆಗೆ ಕರೆಸಬೇಕು, ಹೆಸರೇನು ಎಂದು ಒಬ್ಬಳು ಸೆಲ್ಲೊನನ್ನು ಕೇಳಿದಳು. ಸೆಲ್ಲೊ ಬಾಯಿಗೆ ಬಂದ ಯಾವುದೋ ಹೆಸರು ಹೇಳಿದ. ಹತ್ತು ಹೆಂಗಸರು ಆ ಹೆಸರನ್ನು ಬಾಯಲ್ಲಿ ಹೇಳಿಕೊಂಡು ನೆನಪಿಟ್ಟುಕೊಂಡರು. ಹುಟ್ಟೇ ಇಲ್ಲದ ಒಬ್ಬಳು ನನ್ನ ಮೂರು ದಿನವನ್ನು, ನನ್ನ ಹೆಬ್ಬೆರಳಿನ ಚರ್ಮ ಕಿತ್ತುಹೋದದ್ದನ್ನು, ಮಾಟೆಫೊಳ ಬಾಯಿಂದ ಮೂವತ್ತೊಂದು ವರ್ಷದಲ್ಲಿ ಬಂದ ಒಂದೇ ಒಂದು ಒಳ್ಳೆಯ ಮಾತನ್ನು ತೆಗೆದುಕೊಂಡು ಕಣಿವೆಯ ಕೆಳಗೆ ಹೋಗುತ್ತಿದ್ದಳು. ನನ್ನ ಮೈ ಉರಿದುಹೋಯಿತು.

"ಯಾವ ಕೂಲಿಯವ್ಳೂ ಇಲ್ಲ," ಎಂದೆ. "ನಾನೇ ಮಾಡಿದ್ದು."

ಸೆಲ್ಲೊ ನನ್ನ ತೋಳು ಹಿಡಿದ. ನಾನು ಕೊಡವಿಕೊಂಡೆ.

"ಇಡೀ ಮನೇನಾ?" ಎಂದು ಅತ್ತೆ ಕೇಳಿದರು. ಬಹಳ ನಿಧಾನವಾಗಿ ಕೇಳಿದರು. ಇನ್ನೂ ಹಿಂದೆ ಸರಿಯಲು ಜಾಗವಿತ್ತು. ಒಂದು ಪಕ್ಕ ನಾನು, ಉಳಿದದ್ದು ಕೂಲಿಯವಳು ಎನ್ನಬಹುದಿತ್ತು. ಹಾಗೆಂದಿದ್ದರೆ ಮೂಲೆ ಅವಳದಾಗುತ್ತಿತ್ತು.

"ಇಡೀ ಮನೆ. ಹೊಸಿಲು ತನಕ. ಬೇಕಾದ್ರೆ ನನ್ ಹೆಬ್ಬೆಟ್ಟು ಇಟ್ಟು ನೋಡಿ ಅತ್ತೆ, ಆ ಮೂಲೆ ಗೆರೇಲಿ ಸರಿಯಾಗಿ ಕೂರುತ್ತೆ."

ಮುದುಕಿ ನಿಜಕ್ಕೂ ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ ಹೆಬ್ಬೆರಳನ್ನು ಗೆರೆಯಲ್ಲಿ ಇಟ್ಟು ನೋಡಿದರು. ಕೂತಿತು. ಹೆಂಗಸರು 'ಓಹೋ' ಎಂದು ನನ್ನನ್ನು ನೋಡಿದರು. ಹಾಗೆ ನನ್ನನ್ನು ಈ ಊರಿನಲ್ಲಿ ಯಾರೂ ನೋಡಿರಲಿಲ್ಲ, ಅದು ಹಿತವಾಗಿಯೇ ಇತ್ತು. ಅಷ್ಟರಲ್ಲಿ ಅತ್ತೆ ಹಿಂದಕ್ಕೆ ತಿರುಗಿ ಮಾಟೆಫೊಳ ಹೆಗಲಿಗೆ ಕೈ ಹಾಕಿದ್ದರು. ಗಂಡನ ಮನೆಯವರು ಮನೆ ತೊಳೆದಾಯಿತು, ಇನ್ನು ಈ ಬಟ್ಟೆ ಯಾಕೆ ಎಂದರು. ಕುರಿಯನ್ನು ಸೆಲ್ಲೊ ಮುಂದಿನ ವಾರ ಕೊಡುತ್ತಾನೆ, ಕೊಡದಿದ್ದರೆ ನಾನೇ ಬಂದು ಅವನ ಕೊಟ್ಟಿಗೆಯಿಂದ ಆರಿಸಿಕೊಳ್ಳುತ್ತೇನೆ ಎಂದರು. ಕರಿ ಬಟ್ಟೆ ಎಳೆದು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು.

ಮಾಟೆಫೊ ಅಳಲಿಲ್ಲ, ಯಾರ ಕಾಲಿಗೂ ಬೀಳಲಿಲ್ಲ. ಒಳಗೆ ಹೋಗಿ ಬಾಗಿಲ ಹಿಂದಿನ ಗುದ್ದಲಿ ತಂದಳು. ಭಾನುವಾರ, ಚರ್ಚಿನ ಹೆಂಗಸರೆಲ್ಲ ನೋಡುತ್ತಿದ್ದಾರೆ ಎನ್ನುವ ನಾಚಿಕೆಯೂ ಇಲ್ಲದೆ ನೇರವಾಗಿ ಗುಂಡು ತೋಟಕ್ಕೆ ಹೋಗಿ ಒಣಕಡ್ಡಿಗಳನ್ನು ಕಿತ್ತು ಎಸೆಯಲು ಶುರು ಮಾಡಿದಳು. ಗುದ್ದಲಿ ಮಣ್ಣಿಗೆ ಬಿದ್ದಾಗ ಅವಳ ಬಾಯಿಂದ ಒಂದು ಸದ್ದು ಬಂತು. ತುಂಬಾ ಬಾಯಾರಿದವರು ನೀರು ಕುಡಿದು ಬಿಡುವ ಉಸಿರಿನ ಹಾಗೆ.  ಮೂರು ತಿಂಗಳು ಆ ಉಸಿರನ್ನು ತಡೆದು ಹಿಡಿದವಳು ನಾನು.

ಜನ ಚದುರಿದರು. ಸೆಲ್ಲೊ ನನ್ನ ಮುಖ ನೋಡದೆ ಎಲ್ಲಿಗೋ ಹೋದ. ಅವನು ಮತ್ತೆ ನನ್ನ ಜೊತೆ ಸರಿಯಾಗಿ ಮಾತಾಡಿದ್ದು ಜೋಳ ಮೊಳಕೆಯೊಡೆದ ಮೇಲೆ. ಮನೆ ಹೋಯಿತು, ಹೊಲ ಹೋಯಿತು, ಆ ತೋಟ ಹೋಯಿತು, ನಾನೇ ನನ್ನ ಬಾಯಾರೆ ಕೊಟ್ಟೆ. ಅದಕ್ಕೆ ಬದಲಾಗಿ ನನಗೆ ಸಿಕ್ಕಿದ್ದು ಒಂದು ಮೂಲೆ. ಅದಾದರೂ ಪೂರ್ತಿ ನನ್ನದೆಂದು ಗೊತ್ತುಮಾಡಿಕೊಳ್ಳಬೇಕಿತ್ತು. ಮಾನ ಮರ್ಯಾದೆ ಬಿಟ್ಟು ತೋಟದ ಕಲ್ಲುಕಟ್ಟೆಯ ಹತ್ತಿರ ಹೋಗಿ ನಿಂತೆ. ಅವಳು ಬೀಟ್‌ರೂಟ್ ಬೀಜ ಹಾಕುತ್ತಿದ್ದಳು, ಒಂದು ಗೆಣ್ಣಿನಷ್ಟೇ ಆಳಕ್ಕೆ.

"ಅಕ್ಕ," ಎಂದೆ. "ಆ ಮೂಲೆ ಚೆನ್ನಾಗಿದೆ ಅಂದ್ರಲ್ಲ, ನಿಜವಾಗ್ಲೂನಾ?"

ಅವಳು ತಲೆ ಎತ್ತಲಿಲ್ಲ.

"ಯಾವ ಮೂಲೆ?" ಎಂದು ಕೇಳಿ, ಮುಂದಿನ ಬೀಜ ಹಾಕಿದಳು.